ಸಮುದ್ರದ ಕಡೆಯ ಕೋಣೆ

ನನ್ನ ತಮ್ಮ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದ. ವರ್ಷದ ಬಹುಪಾಲು ನೀರಿನ ಮೇಲೆ, ಉಳಿದ ದಿನಗಳು ಮುಂಬಯಿಯ ಮುಲುಂಡ್‌ನ ಸಣ್ಣ ಫ್ಲ್ಯಾಟಿನಲ್ಲಿ. ಊರಲ್ಲಿದ್ದಾಗ ತಡವಾಗಿ ಏಳುತ್ತಿದ್ದ, ಹೆಂಡತಿಯ ಜೊತೆ ಭಾಜಿ ಮಾರ್ಕೆಟ್ಟಿಗೆ ಹೋಗುತ್ತಿದ್ದ, ರವಿವಾರ ಪರೇಲ್‌ನ ನನ್ನ ಮನೆಗೆ ಬಂದು ರೊಟ್ಟಿ, ಶೇಂಗಾ ಹಿಂಡಿ ತಿಂದು ಚಾಪೆಯ ಮೇಲೆ ಉರುಳಿಕೊಳ್ಳುತ್ತಿದ್ದ. ಧಾರವಾಡದ ಕಡೆಯಿಂದ ಮಿಲ್ಲಿನ ಕೆಲಸಕ್ಕೆಂದು ಬಂದ ಅಪ್ಪ ತೀರಿಕೊಂಡ ಮೇಲೆ, ಅವ್ವನೂ ಹೋದ ಮೇಲೆ, ಈ ಊರಿನಲ್ಲಿ ನನ್ನನ್ನು ಅಕ್ಕಾ ಎಂದು ಕೂಗುವವನು ಅವನೊಬ್ಬನೇ.

ಚೀನಾದ ಬಂದರುಗಳಿಗೆ ಎಷ್ಟೋ ಸಲ ಹೋಗಿದ್ದ. ನೆಲಕ್ಕೆ ಮಾತ್ರ ಇಳಿದಿರಲಿಲ್ಲ. "ಇಳಿಯಾಕ ಬಿಡಂಗಿಲ್ಲಕ್ಕಾ. ಡೆಕ್ಕಿನ ಮ್ಯಾಲೆ ನಿಂತು ನೋಡೂದು, ಅಷ್ಟ" ಎನ್ನುತ್ತಿದ್ದ. ಮೊದಲ ಸಲ ಇಳಿದದ್ದು ಸ್ಟ್ರೆಚರಿನ ಮೇಲೆ.

ಆ ಫೋನು ಬಂದಾಗ ನಾನು ಫೋರ್ಟ್‌ನ ನಮ್ಮ ಬ್ಯಾಂಕಿನ ಕೌಂಟರಿನಲ್ಲಿದ್ದೆ. ಹಡಗಿಗೆ ಆಳುಗಳನ್ನು ಕಳಿಸುವ ಕಂಪನಿಯವರು. ಏಣಿಯಿಂದ ಬಿದ್ದಿದ್ದಾನೆ, ತಲೆಗೆ ಪೆಟ್ಟಾಗಿದೆ, ಆಪರೇಷನ್ ಆಗಿದೆ, ಮನೆಯವರು ಒಬ್ಬರು ಬರಬೇಕು ಎಂದು ಹಿಂದಿಯಲ್ಲಿ ಹೇಳಿದರು. ತಮ್ಮನ ಹೆಂಡತಿಯ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಬ್ಯಾಂಕಿನ ಗೆಳತಿಯರ ಜೊತೆ ದುಬೈ ನೋಡಲು ಮಾಡಿಸಿದ್ದು ನನ್ನ ಹತ್ತಿರ ಇತ್ತು. ಹಾಗಾಗಿ ನಾನು ಹೋದೆ.

ಅವಳು ಏರ್‌ಪೋರ್ಟಿನ ಬಾಗಿಲವರೆಗೆ ಬಂದಿದ್ದಳು. ಉಡುಪಿ ಕಡೆಯ ಹುಡುಗಿ. ಅವಳಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಮಕ್ಕಳನ್ನು ಓದಿಸಿದವರು. ತಮ್ಮನ ಒಂದು ಸ್ವೆಟರನ್ನು ನನ್ನ ಚೀಲದೊಳಗೆ ತುರುಕಿ, "ಅಲ್ಲಿ ಚಳಿಯಂತೆ ಅಕ್ಕ. ಅವರು ಎದ್ದ ಕೂಡಲೇ ಹಾಕ್ಲಿಕ್ಕೆ ಹೇಳಿ" ಅಂದಳು.

ಆ ನಗರದ ಹೆಸರನ್ನು ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ಬಂದರಿನ ಏಜೆಂಟರ ಆಫೀಸಿನಿಂದ ಒಬ್ಬಳು ಹುಡುಗಿ ನನ್ನ ಹೆಸರಿನ ಬೋರ್ಡು ಹಿಡಿದು ನಿಂತಿದ್ದಳು. ಅವಳ ಇಂಗ್ಲಿಷ್ ನಿಧಾನ, ನನ್ನದೂ ನಿಧಾನ, ಆದ್ದರಿಂದ ಇಬ್ಬರಿಗೂ ತೊಂದರೆಯಾಗಲಿಲ್ಲ. ಕಾರು ಸಮುದ್ರದ ಪಕ್ಕದಲ್ಲೇ ಬಹಳ ಹೊತ್ತು ಓಡಿತು. ನಿಂತಲ್ಲಿ ಇಳಿದು ನೋಡಿದರೆ ಆಸ್ಪತ್ರೆಯಲ್ಲ. ಗಾಜಿನ ಎತ್ತರದ ಕಟ್ಟಡ, ಮುಂದೆ ಕಾರಂಜಿ, ಟೋಪಿ ಹಾಕಿದ ಇಬ್ಬರು ನನ್ನ ಚೀಲಕ್ಕೆ ಕೈ ಹಾಕುತ್ತಿದ್ದಾರೆ.

"ಇದೇನು?" ಎಂದೆ.

"ನಿಮ್ಮ ಹೋಟೆಲು. ಆಸ್ಪತ್ರೆ ಹಿಂದಿನ ರಸ್ತೆಯಲ್ಲಿದೆ. ಈ ಭಾಗದಲ್ಲಿ ಹೊರದೇಶದವರನ್ನು ಇಳಿಸಿಕೊಳ್ಳುವುದು ಇದೊಂದೇ" ಎಂದಳು.

ಮೊದಲು ತಮ್ಮನನ್ನು ನೋಡಬೇಕು ಎಂದೆ. ಐಸಿಯು ಒಳಗೆ ಮಧ್ಯಾಹ್ನ ಮೂರಕ್ಕೆ ಅರ್ಧ ತಾಸು ಮಾತ್ರ ಬಿಡುತ್ತಾರೆ, ಇವತ್ತಿನದು ಮುಗಿದಿದೆ, ಇನ್ನು ನಾಳೆಯೇ ಎಂದಳು. ನಾನು ಬಹಳ ಬೇಡಿಕೊಂಡೆ. ಅವಳು ಫೋನು ಮಾಡಿ ಕೇಳಿದಳು, ಆಮೇಲೆ ತಲೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ನಾನೇ ಹೋಟೆಲಿನೊಳಗೆ ನಡೆದೆ.

ಆಮೇಲೆ ನಾನು ಅಲ್ಲಿದ್ದ ದಿನಗಳೆಲ್ಲ ಹಾಗೇ ಹೋದವು. ಅರ್ಧ ತಾಸು ಅವನ ಹತ್ತಿರ, ಮಿಕ್ಕ ಹೊತ್ತೆಲ್ಲ ಆ ಹೋಟೆಲಿನಲ್ಲಿ.

ನನಗೆ ಸಮುದ್ರದ ಕಡೆಯ ಕೋಣೆ ಕೊಟ್ಟಿದ್ದರು. ನಾವು ಹುಟ್ಟಿ ಬೆಳೆದ ಪರೇಲ್‌ನ ಚಾಳಿನ ಎರಡು ಖೋಲಿಗಳು ಅದರ ಬಚ್ಚಲುಮನೆಯಲ್ಲಿ ಹಿಡಿಸುತ್ತಿದ್ದವು. ಗುಂಡಿ ಒತ್ತಿದರೆ ಪರದೆ ತಾನೇ ಸರಿಯುತ್ತಿತ್ತು. ಒಂದು ಗೋಡೆ ಪೂರ್ತಿ ಗಾಜು, ಆಚೆ ನೀರು, ನೀರಿನ ಮೇಲೆ ಲಂಗರು ಹಾಕಿ ನಿಂತ ಹಡಗುಗಳ ಸಾಲು. ಅವುಗಳಲ್ಲಿ ನನ್ನ ತಮ್ಮನ ಹಡಗು ಯಾವುದು ಎಂದು ಏಜೆಂಟರ ಹುಡುಗಿಯನ್ನು ಕೇಳಿದೆ. "ಅದು ಹೊರಟುಹೋಯಿತು. ನಿಮ್ಮ ತಮ್ಮನ ಜಾಗಕ್ಕೆ ಬೇರೆಯವರು ಬಂದರು" ಎಂದಳು.

ನಾಷ್ಟಾಕ್ಕೆ ಕೆಳಗಿನ ಹಾಲಿಗೆ ಹೋಗಬೇಕಿತ್ತು. ಎಲ್ಲಿ ನೋಡಿದರೂ ಮಾಂಸ, ಮೀನು. ಒಂದು ಮೂಲೆಯಲ್ಲಿ ಬಿದಿರಿನ ಬುಟ್ಟಿಗಳಲ್ಲಿ ಬೇಯಿಸಿದ ಗೆಣಸು, ಗೋವಿನಜೋಳದ ತೆನೆ, ಸಿಪ್ಪೆ ಸಮೇತ ಕುದಿಸಿದ ಶೇಂಗಾ ಇಟ್ಟಿದ್ದರು. ಅಷ್ಟು ದೂರದಲ್ಲೂ ನಮ್ಮ ಕಡೆಯ ತಿನಿಸು. ತಟ್ಟೆ ತುಂಬ ಹಾಕಿಕೊಂಡು ಬಂದು ಕೂತರೆ ಪಕ್ಕದ ಮೇಜಿನ ಮಕ್ಕಳು ಈಜಲು ಬಳಸುವ ರಬ್ಬರಿನ ಬಾತುಕೋಳಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಾಲು ಕುಡಿಯುತ್ತಿದ್ದವು. ಅವರೆಲ್ಲ ರಜೆಗೆ ಬಂದವರು. ಅವರ ಅಜ್ಜಿ ನನ್ನ ಸೀರೆ ಮುಟ್ಟಿ ನೋಡಿ, ನಕ್ಕು, ಹೆಬ್ಬೆರಳು ತೋರಿಸಿದಳು. ನಾನೂ ನಕ್ಕೆ. ಏನು ಮಾಡಲಿ, ಅವಳಿಗೆ ಏನಂತ ಹೇಳಲಿ?

ಆಸ್ಪತ್ರೆಯಲ್ಲಿ ನೀಲಿ ಗೌನು ಹಾಕಿಸಿ ಒಳಗೆ ಬಿಡುತ್ತಿದ್ದರು. ಮೊದಲ ದಿನ ನಾನು ಅವನನ್ನು ದಾಟಿ ಮುಂದೆ ಹೋಗಿಬಿಟ್ಟೆ. ತಲೆ ಬೋಳಿಸಿದ್ದರು, ಮುಖ ಊದಿಕೊಂಡಿತ್ತು. ಹುಡುಗಿ ನನ್ನ ತೋಳು ಹಿಡಿದು ಹಿಂದಕ್ಕೆ ಕರೆತಂದಳು. ಕೈ ನೋಡಿ ಗುರುತು ಹಿಡಿದೆ. ಬೆರಳ ಗೆರೆಗಳಲ್ಲಿ, ಉಗುರ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು ಹಾಗೇ ಇತ್ತು.

ಕಿವಿಯ ಹತ್ತಿರ ಬಗ್ಗಿ, "ಏಯ್, ಏಳೋ. ನಾ ಬಂದೀನಿ ನೋಡು. ಎಷ್ಟ ಮಲಗತೀ? ನಿನ್ನ ಹೇಣ್ತಿ ಅಲ್ಲಿ ಹಾದಿ ಕಾಯಾಕತ್ತಾಳ" ಎಂದೆ. ಅವ್ವ ಅವನನ್ನು ಶಾಲೆಗೆ ಎಬ್ಬಿಸುತ್ತಿದ್ದ ದನಿಯಲ್ಲೇ ಅಂದೆ. ಯಂತ್ರದ ಗೆರೆ ಮೊದಲಿನಂತೆಯೇ ಏರಿ ಇಳಿಯುತ್ತಿತ್ತು.

ದಿನಾ ಹೀಗೇ. ಅಲ್ಲಿಯ ನರ್ಸುಗಳು ಅವನ ಕೈಯನ್ನು ಎಷ್ಟು ಚೆನ್ನಾಗಿ ಒರೆಸಿದರೆಂದರೆ ಕೆಲವು ದಿನಗಳಲ್ಲಿ ಆ ಕಪ್ಪು ಕೂಡ ಹೋಯಿತು. ಆಮೇಲೆ ಆ ಕೈ ಯಾರದೋ ಕೈಯಂತಾಯಿತು.

ಅರ್ಧ ತಾಸು ಮುಗಿಸಿ ಹೋಟೆಲಿಗೆ ಬಂದರೆ ಕೆಳಗೆ ಮರಳಿನಲ್ಲಿ ಮದುವೆಯ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಬಿಳಿ ಗೌನಿನ ಉದ್ದನೆಯ ಸೆರಗನ್ನು ಯಾರೋ ಗಾಳಿಗೆ ಹಾರಿಸಿ ಓಡಿಹೋಗುವುದು, ಮತ್ತೆ ಬಂದು ಹಾರಿಸುವುದು. ನಾನು ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದೆ. ಬೇರೆ ಮಾಡುವುದಕ್ಕೇನೂ ಇರಲಿಲ್ಲ. ಒಮ್ಮೆ ಇನ್ನೊಂದು ದಿಂಬು ಬೇಕೆಂದು ಕೇಳಿದ್ದಕ್ಕೆ ಮನುಷ್ಯರ ಬದಲು ಸೊಂಟದೆತ್ತರದ ಒಂದು ಯಂತ್ರ ಉರುಳಿಕೊಂಡು ಬಂದು ಬಾಗಿಲ ಮುಂದೆ ನಿಂತಿತು. ಮಗುವಿನ ದನಿಯಲ್ಲಿ ಏನೋ ಹೇಳಿತು. ನನಗೆ ತಿಳಿಯಲಿಲ್ಲ. ಅದು ಮತ್ತೆ ಅದನ್ನೇ ಹೇಳಿತು. "ಯಾಕೋ, ಏನ ಬೇಕೋ ನಿನಗ?" ಎಂದುಬಿಟ್ಟೆ. ಹಿಂದೆಯೇ ನಗು ಬಂತು, ತಡೆಯಲಾರದಷ್ಟು. ನಕ್ಕು ಮುಗಿದ ಮೇಲೆ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತು ಅತ್ತೆ.

ತಮ್ಮನ ಹೆಂಡತಿ ದಿನವೂ ಫೋನು ಮಾಡುತ್ತಿದ್ದಳು. ಕೇಳುವುದು ಒಂದೇ ಮಾತು. "ಕಣ್ಣು ಬಿಟ್ರಾ ಅಕ್ಕ?"

"ಇನ್ನೂ ಇಲ್ಲವಾ."

ವಿಡಿಯೋ ಕಾಲ್ ಬಂದರೆ ನಾನು ಗೋಡೆಗೆ ಒರಗಿ ಕೂತು ಮಾತಾಡುತ್ತಿದ್ದೆ. ಆ ಕೋಣೆಯನ್ನು ಅವಳಿಗೆ ತೋರಿಸಲು ಮನಸ್ಸು ಒಪ್ಪುತ್ತಿರಲಿಲ್ಲ. ಅವಳು ಮುಲುಂಡ್‌ನಲ್ಲಿ ಒಬ್ಬಳೇ ಊಟ ಬಿಟ್ಟು ಕೂತಿರುವಾಗ ಇದೆಲ್ಲ ಯಾಕೆ ಎಂದು. ಒಂದು ಸಂಜೆ ಮಾತಾಡುತ್ತಿರುವಾಗ ಕೈಯಿಂದ ಫೋನು ಜಾರಿತು. ಎತ್ತಿಕೊಳ್ಳುವಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು.

"ಅಕ್ಕ, ಅದೆಂಥದು ನಿಮ್ಮ ಹಿಂದೆ? ಸಮುದ್ರವಾ? ಒಂದ್ಸಲ ತಿರುಗಿಸಿ."

ತಿರುಗಿಸಿದೆ. ದೀಪ ಹತ್ತಿದ ದಂಡೆ, ದೊಡ್ಡ ಮಂಚ, ಹೂದಾನಿ, ಬಚ್ಚಲಿನ ಅಮೃತಶಿಲೆ ಎಲ್ಲವನ್ನೂ ನೋಡಿದಳು. ಬೇಸರಪಟ್ಟುಕೊಂಡಾಳು ಎಂದು ನಾನು ಹೆದರಿದ್ದೆ. ಅವಳ ಮುಖ ಅರಳಿತು. ಅಷ್ಟು ದಿನಗಳಲ್ಲಿ ಅವಳ ಮುಖದಲ್ಲಿ ಅಂಥ ಗೆಲುವು ನಾನು ಕಂಡಿರಲಿಲ್ಲ.

"ಅಕ್ಕ, ನೋಡಲಿಕ್ಕೆ ಹೋದ ನಿಮ್ಮನ್ನೇ ಇಷ್ಟು ಚಂದ ಇಟ್ಟಿದ್ದಾರೆ ಅಂದ್ರೆ, ಅವರನ್ನು ಹೇಗೆ ಇಟ್ಟಿರ್ಬೇಕು! ನನಗೆ ಈಗ ಟೆನ್ಶನ್ ಇಲ್ಲ. ಅವರು ಗುಣ ಆಗಿಯೇ ಬರ್ತಾರೆ."

ಅವತ್ತು ರಾತ್ರಿ ಅವಳು ಊಟ ಮಾಡಿದಳಂತೆ.

ಮರುದಿನವೇ ಡಾಕ್ಟರು ನನ್ನನ್ನು ಕರೆಸಿದರು. ನನ್ನ ವಯಸ್ಸಿನ ಹೆಂಗಸು. ಕಂಪ್ಯೂಟರಿನಲ್ಲಿ ಮೆದುಳಿನ ಚಿತ್ರ ತೋರಿಸಿ ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟುತ್ತ ವಿವರಿಸಿದರು. ಏಜೆಂಟರ ಹುಡುಗಿ ಅರ್ಧದವರೆಗೆ ಇಂಗ್ಲಿಷಿಗೆ ತಂದಳು. ಆಮೇಲೆ ತನ್ನ ಫೋನನ್ನು ಡಾಕ್ಟರ ಮುಂದೆ ಹಿಡಿದಳು. ಡಾಕ್ಟರು ಹೇಳಿದ್ದನ್ನು ಫೋನು ಹಿಂದಿಗೆ ಮಾಡಿ ಗಟ್ಟಿಯಾಗಿ ಓದಿತು. ನಮ್ಮ ಸ್ಟೇಷನ್ನಿನಲ್ಲಿ ಲೋಕಲ್ ತಡವಾಗಿದೆ ಎಂದು ಹೇಳುತ್ತಾರಲ್ಲ, ಅಂಥದೇ ಹೆಣ್ಣು ದನಿ. ರೋಗಿ ಉಸಿರಾಡಬಹುದು. ರೋಗಿಗೆ ಎಚ್ಚರ ಬರುವ ನಿರೀಕ್ಷೆ ಇಲ್ಲ. ಕುಟುಂಬದವರು ಸಿದ್ಧರಾಗಬೇಕು.

"ಇನ್ನೊಮ್ಮೆ ಹಾಕು" ಎಂದೆ. ಅವಳು ಇನ್ನೊಮ್ಮೆ ಹಾಕಿದಳು.

ಕೋಣೆಗೆ ಬಂದು ತಮ್ಮನ ಹೆಂಡತಿಗೆ ಫೋನು ಮಾಡಿದೆ. ಮುಚ್ಚಿಡದೆ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. "ಗಟ್ಟಿಯಾಗಬೇಕವ್ವಾ. ಅವ ಏಳೂದಿಲ್ಲಂತ."

"ಆ ಫೋನಿಗೆ ಎಂಥ ಗೊತ್ತುಂಟು ಅಕ್ಕ? ತಪ್ಪು ಓದಿರ್ಬೇಕು. ಅಂಥ ಹೋಟೆಲಲ್ಲಿ ಇಡುವವರು ಹಾಗೆ ಕೈ ಬಿಡ್ತಾರಾ?" ಅಂದಳು.

ಹೋಟೆಲು ಬೇರೆ, ಆಸ್ಪತ್ರೆ ಬೇರೆ ಎಂದೆ. ಹೊರದೇಶದವರನ್ನು ಇಳಿಸಿಕೊಳ್ಳುವುದು ಇದೊಂದೇ, ಅದಕ್ಕೇ ಇಲ್ಲಿಟ್ಟಿದ್ದಾರೆ ಎಂದೆ. ಅದು ಅವಳ ಕಿವಿಗೆ ಹೋಗಲಿಲ್ಲ. ಅಂದಿನಿಂದ ಅವಳು ಗಂಡನ ಬಗ್ಗೆ ಕೇಳಿದ ಮೇಲೆ ಹೋಟೆಲಿನ ಬಗ್ಗೆಯೂ ಕೇಳತೊಡಗಿದಳು. ಇವತ್ತು ನಾಷ್ಟಾಕ್ಕೆ ಎಂಥ ಇತ್ತು, ಕೋಣೆ ದಿನಾ ಒರೆಸುತ್ತಾರಾ, ಹೊಸ ಹೂ ಇಟ್ಟಿದ್ದಾರಾ? ಇಟ್ಟಿದ್ದಾರೆ ಎಂದರೆ ಸಮಾಧಾನದ ಉಸಿರು ಬಿಡುತ್ತಿದ್ದಳು.

ನನ್ನ ವೀಸಾ ಮುಗಿಯುತ್ತ ಬಂತು. ಅಷ್ಟರಲ್ಲಿ ಅವನ ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದ್ದರು, ಯಂತ್ರವಿಲ್ಲದೆ ಉಸಿರಾಡುತ್ತಿದ್ದ. ಇನ್ನು ನಮ್ಮಿಂದ ಆಗುವುದು ಏನಿಲ್ಲ, ಊರಿಗೆ ಕರೆದುಕೊಂಡು ಹೋಗಬಹುದು ಎಂದು ಆಸ್ಪತ್ರೆಯವರು ಹೇಳಿದರು. ವಿಮಾನದ ಸೀಟುಗಳನ್ನು ಮಡಚಿ ಸ್ಟ್ರೆಚರು ಇಡುವ ವ್ಯವಸ್ಥೆಯನ್ನು ಕಂಪನಿಯೇ ಮಾಡಿತು, ಜೊತೆಗೆ ಒಬ್ಬ ನರ್ಸು. ತಮ್ಮನ ಹೆಂಡತಿ ಬೇಡ ಬೇಡ ಎಂದು ಅತ್ತಳು. "ಇನ್ನು ಸ್ವಲ್ಪ ದಿನ ಅಕ್ಕ. ಅಲ್ಲಿಯೇ ಇರಲಿ. ನಾನು ಪಾಸ್‌ಪೋರ್ಟ್ ಮಾಡಿಸಿ ಬರ್ತೇನೆ." ಯಾರ ಕೈಯಲ್ಲೂ ಇರದ ಮಾತು ಅದು. ಹೊರಡುವ ದಿನ ಏಜೆಂಟರ ಹುಡುಗಿ ನನ್ನನ್ನು ಅಪ್ಪಿಕೊಂಡಳು. ಸ್ವೆಟರು ಚೀಲದಲ್ಲೇ ಇತ್ತು. ಅವಳ ಕೈಗೆ ಕೊಟ್ಟು, ಯಾರಿಗಾದರೂ ಕೊಟ್ಟುಬಿಡು ಎಂದೆ.

ಮುಂಬಯಿಯಲ್ಲಿ ಪರೇಲ್‌ನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ವಾರ್ಡಿನ ಹೊರಗೆ ಜನ ಚಾದರ ಹಾಸಿಕೊಂಡು ಮಲಗಿದ್ದರು. ಲಿಫ್ಟಿಗೆ ಸಾಲು. ಅವಳು ಗಂಡನನ್ನು ನೋಡಿದಳು, ಆ ಗದ್ದಲವನ್ನು ನೋಡಿದಳು, ನನ್ನ ಕಡೆ ತಿರುಗಿದಳು.

"ಅಲ್ಲಿಂದ ಇಲ್ಲಿಗೆ ತಂದ್ರಲ್ಲ ಅಕ್ಕ."

ಇಷ್ಟೇ ಅಂದದ್ದು. ಇಲ್ಲಿಯ ಡಾಕ್ಟರೂ ಅದೇ ಚಿತ್ರ ನೋಡಿ ಅದೇ ಮಾತು ಹೇಳಿದರು, ನಮಗೆ ತಿಳಿಯುವ ಭಾಷೆಯಲ್ಲೇ. ಅವಳು ತಲೆ ತಗ್ಗಿಸಿ ಕೇಳಿದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಅವಳಪ್ಪ ಒಮ್ಮೆ ನನ್ನನ್ನು ಆಸ್ಪತ್ರೆಯ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿ, "ಮನಸ್ಸಿಗೆ ಹಚ್ಚಿಕೊಳ್ಬೇಡಿ. ಅವಳಿಗೆ ಸಿಟ್ಟು ಮಾಡ್ಲಿಕ್ಕೆ ಯಾರಾದ್ರೂ ಒಬ್ರು ಬೇಕಲ್ಲ" ಅಂದರು. ನಾನು ಹೂಂ ಎಂದೆ.

ಈಗ ಅವನು ಮುಲುಂಡ್‌ನ ಮನೆಯ ಹಾಲಿನಲ್ಲಿದ್ದಾನೆ. ಟಿವಿ ಇದ್ದ ಕಡೆ ಆಸ್ಪತ್ರೆಯ ಮಂಚ ಬಂದಿದೆ. ಮೂಗಿನ ನಳಿಕೆಯಿಂದ ಗಂಜಿ, ಎರಡೆರಡು ತಾಸಿಗೆ ಮಗ್ಗುಲು ಬದಲಿಸುವುದು, ಗಂಟಲಿನ ಕಫ ತೆಗೆಯುವುದು. ಕಣ್ಣು ತೆರೆಯುತ್ತಾನೆ. ಅದರಲ್ಲಿ ನೋಟವಿಲ್ಲ. ಮೊದಲ ಸಲ ಕಣ್ಣು ತೆರೆದ ದಿನ ಅವಳು ಬಿಲ್ಡಿಂಗಿನವರಿಗೆಲ್ಲ ಪೇಡೆ ಹಂಚಿದ್ದಳು. ಈಗ ಅದನ್ನು ಯಾರೂ ನೆನಪಿಸುವುದಿಲ್ಲ.

ನಾನು ರವಿವಾರ ಲೋಕಲ್ ಹಿಡಿದು ಹೋಗುತ್ತೇನೆ. ಮೊದಲೆಲ್ಲ ಇಬ್ಬರೂ ಸೇರಿ ಅವನಿಗೆ ಸ್ನಾನ ಮಾಡಿಸುತ್ತಿದ್ದೆವು. ಒಂದು ದಿನ ಮೈ ಒರೆಸುತ್ತಿರುವಾಗ, ನನ್ನ ಕಡೆ ನೋಡದೆ ಅವಳು ಹೇಳಿದಳು: "ಅಕ್ಕ, ನೀವು ಬನ್ನಿ, ಬೇಡ ಅನ್ನುವುದಿಲ್ಲ. ಆದ್ರೆ ನೀವು ಬಂದಾಗ ನಾನು ಹೊರಗೆ ಹೋಗ್ತೇನೆ. ನಿಮ್ಮನ್ನು ನೋಡಿದ್ರೆ ನನಗೆ ಅಲ್ಲಿಯದೆಲ್ಲ ನೆನಪಾಗ್ತದೆ."

"ಆತವಾ" ಎಂದೆ.

ಈಗ ನಾನು ಬೆಲ್ ಮಾಡಿದರೆ ಅವಳು ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆಗೆಯುತ್ತಾಳೆ. ಗಂಜಿ ಎಲ್ಲಿದೆ, ಔಷಧ ಯಾವಾಗ ಎಂದು ಎರಡು ಮಾತಿನಲ್ಲಿ ಹೇಳಿ ಇಳಿದುಹೋಗುತ್ತಾಳೆ. ಎಲ್ಲಿಗೆ ಹೋಗುತ್ತಾಳೋ ನಾನು ಕೇಳಿಲ್ಲ. ನಾನು ಅವನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೊದಮೊದಲು ಬ್ಯಾಂಕಿನದು, ಚಾಳಿನ ಹಳೆಯವರದು, ಹೀಗೆ ಏನಾದರೂ ಹೇಳುತ್ತಿದ್ದೆ. ಈಗ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುತ್ತೇನೆ, ಬಾಯಿ ಒರೆಸುತ್ತೇನೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದರೆ ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತೇನೆ.