ಬಳೆ ಒಡೆದ ದಿನ

ಸವಣೂರಿನ ನಮ್ಮ ಬಳೆ ಅಂಗಡಿಯಲ್ಲಿ ನನ್ನ ಅಬ್ಬಾ ಗರ್ಭಿಣಿಯೊಬ್ಬರಿಗೆ ಕುಬಸದ, ಅಂದರೆ ಸೀಮಂತದ, ಹಸಿರು ಬಳೆ ತೊಡಿಸುತ್ತಿದ್ದರು. ಕೈ ನಡುಗಿ ಬಳೆ ಒಡೆಯಿತು. ಆಕೆಯ ಮಣಿಕಟ್ಟಿನಲ್ಲಿ ರಕ್ತ ಕಾಣಿಸಿತು. ಆಕೆ ಅದನ್ನು ಸೆರಗಿನಿಂದ ಒರೆಸಿಕೊಂಡು ಇನ್ನೊಂದು ಕೈ ಚಾಚಿದರು: "ಸಾವಕಾಶ ಹಾಕ್ರಿ ಚಾಚಾ, ನನಗೇನ್ ಅವಸರಿಲ್ಲ."

ಅಬ್ಬಾ ಹಿಂದೆ ಸರಿದರು. ಉಳಿದ ಬಳೆಗಳನ್ನು ನಾನೇ ತೊಡಿಸಿದೆ.

ಅಬ್ಬಾಗೆ ಪಾರ್ಕಿನ್ಸನ್ ಕಾಯಿಲೆ ಎಂದು ಮೊದಲೇ ಗೊತ್ತಾಗಿತ್ತು. ಕೆಲಸಕ್ಕೆ ತೊಡಕಾದಾಗ ಔಷಧಿ ಶುರು ಮಾಡೋಣ ಎಂದಿದ್ದ ಡಾಕ್ಟರಿಗೆ ಅಬ್ಬಾ ಪ್ರತಿ ಸಲವೂ ಏನೂ ತೊಂದರೆಯಿಲ್ಲ ಎನ್ನುತ್ತಿದ್ದರು. ಬಳೆ ಒಡೆದ ಮರುದಿನ ತಾವಾಗಿಯೇ ಹೋಗಿ ಹೇಳಿದರು: "ನನ್ನ ಕೈ ನಡುಗಿದ್ರ ಅಡ್ಡಿಯಿಲ್ಲ, ಮಂದಿ ಕೈಗೆ ಗಾಯ ಆಗಬಾರದ್ರಿ. ಗುಳಿಗಿ ಕೊಡ್ರಿ."

ಈಗ ನಡುಕ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಗಾಜಿನ ಬಳೆಯನ್ನು ಅಬ್ಬಾ ಮತ್ತೆ ತಾವೇ ತೊಡಿಸುತ್ತಾರೆ. ಮೊದಮೊದಲು ಬಳೆ ಒಡೆದೀತೆಂದು ಪಕ್ಕದಲ್ಲಿ ನಿಂತು ಕಾಯುತ್ತಿದ್ದ ನಾನು ಅದನ್ನು ಬಿಟ್ಟಿದ್ದೇನೆ.