ಬಿಚ್ಚಲೇಬೇಕಿದ್ದ ಗಂಟು

ಚೆನ್ನಕೇಶವನನ್ನು ನಂಬಿದ ಬಂಧುಗಳಲ್ಲಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬನ ಅರಿಕೆ. ನನ್ನ ಮಗನ ಸಾವಿಗೆ ನಾನೇ ಕೈಯಾರೆ ಗಂಟು ಹಾಕಿದ್ದೆ. ಮುಚ್ಚಿಡದೆ ಬರೆಯುತ್ತಿದ್ದೇನೆ.

ನಯಾಪೈಸೆ ಬಂದ ಮಾರನೆಯ ವರ್ಷ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ಚಂದ್ರು ಗ್ಲೈಡರ್ ಕಲಿಯಲು ಸೇರಿಕೊಂಡ. ಅದು ಎಂಜಿನ್ ಇಲ್ಲದ ವಿಮಾನ. ಬೇಡವೆಂದು ಎಷ್ಟು ಎಳೆದಾಡಿದರೂ ಬಗ್ಗಲಿಲ್ಲ. ಕೊನೆಗೆ, ಪ್ಯಾರಾಚೂಟ್ ಇಲ್ಲದೆ ಒಂದು ಸುತ್ತೂ ಹಾರಕೂಡದು ಎಂಬ ಮಾತಿಗೆ ಒಪ್ಪಿಸಿ ಸುಮ್ಮನಾದೆ.

ಕೊಳ್ಳುವ ಮಾಲನ್ನು ಮುಟ್ಟಿ ನೋಡದೆ ನಂಬುವವನಲ್ಲ ನಾನು. ಒಂದು ಭಾನುವಾರ ಮೈದಾನಕ್ಕೇ ಹೋದೆ. ಚಂದ್ರು ತನ್ನ ಪ್ಯಾರಾಚೂಟ್ ತೋರಿಸಿದ. ಬೆನ್ನಿಗೆ ಕಟ್ಟುವ ಚೀಲ, ಒಳಗೆ ಮಡಿಸಿಟ್ಟ ಛತ್ರಿ. ಹಿಡಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ, ಪಟ್ಟಿ ಗಟ್ಟಿಯಿದ್ದವು. ಹಿಡಿ ಮಾತ್ರ ಸಡಿಲವೆನಿಸಿತು. ಕೂತಲ್ಲೇ ಕೈತಾಗಿ ಬಿಚ್ಚಿಕೊಂಡರೆ ಗತಿಯೇನು? ಬೇಲೂರಿನಲ್ಲಿ ಸ್ವಾಮಿಯ ಪಾದಕ್ಕಿಟ್ಟು ತಂದಿದ್ದ ಹಳದಿ ದಾರದಿಂದ, ಯಾರೂ ನೋಡದಾಗ, ಆ ಹಿಡಿಯನ್ನು ಪಟ್ಟಿಗೆ ಸೇರಿಸಿ ಬಿಗಿದೆ. ಕೊಬ್ಬರಿ ಮೂಟೆಗೆ ಹಾಕುವ ಗಂಟು, ಗೂಡ್ಸ್ ಗಾಡಿಯಿಂದ ಎಸೆದರೂ ಜಗ್ಗದು. ಇದು ಬಿಚ್ಚದಿರಲಿ ಎಂದು ಬೇಡಿಕೊಂಡೆ.

ವಾರದಲ್ಲೇ ಮಗನ ಕಾಗದ ಬಂತು. ಪ್ಯಾರಾಚೂಟ್ ಮಡಿಸುವ ಮುನಿಸ್ವಾಮಿ ಆ ದಾರವನ್ನು ಕತ್ತರಿಸಿ ಹಾಕಿದನಂತೆ. ದೇವರ ದಾರಕ್ಕೆ ಕತ್ತರಿಯೇ ಎಂದು ನನ್ನ ಮೈಯೆಲ್ಲ ಉರಿಯಿತು. ಬಸ್ಸು ಹತ್ತಿ ಬೇಲೂರಿಗೆ ಹೋಗಿ ಸ್ವಾಮಿಯ ಮುಂದೆ ಅತ್ತೆ. "ನಾನು ಕಟ್ಟಿದ್ದು ಹೋಯ್ತು ಕಣಪ್ಪ, ಇನ್ನು ನೀನೇ ಹಿಡ್ಕೊ" ಎಂದೆ.

ಮುಂದಿನ ತಿಂಗಳು ತಂತಿ ಬಂತು. ಕೂಡಲೇ ಹೊರಟು ಬನ್ನಿ ಎಂದಷ್ಟೇ ಇತ್ತು. ರೈಲು ತಿಪಟೂರು ದಾಟಿದ್ದೂ ನನಗೆ ತಿಳಿಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಮುನಿಸ್ವಾಮಿಯೇ ಕೂತಿದ್ದ. ಮೇಲೆ ಹೋದಾಗ ಗ್ಲೈಡರಿನ ರೆಕ್ಕೆ ಮುರಿಯಿತಂತೆ. ಚಂದ್ರು ಹೊರಗೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದಿದ್ದ, ಕಾಲು ಮುರಿದಿತ್ತು. ಹಿಂದಿನ ಸೀಟಿನಲ್ಲಿದ್ದ ಕಲಿಸುವ ಮೇಷ್ಟ್ರು ಉಳಿಯಲಿಲ್ಲ. ಅವರ ಪ್ಯಾರಾಚೂಟ್ ಮಡಿಸಲು ಬಿಚ್ಚಿಟ್ಟಿತ್ತು. ಒಂದೇ ಸುತ್ತು ತಾನೇ ಎಂದು ಬರಿಬೆನ್ನಲ್ಲಿ ಹತ್ತಿದ್ದರು.

ಆ ದಾರ ಕಟ್ಟಿದವರು ಯಾರೆಂದು ಮುನಿಸ್ವಾಮಿ ಕೇಳಿದ. ನಾನೇ ಎಂದೆ.

"ಮೂಟೆ ಬಿಚ್ಬಾರ್ದು ಯಜಮಾನ್ರೇ, ಸರಿ. ಇದು ಬಿಚ್ಲೇಬೇಕು. ಆ ಗಂಟು ಇದ್ದಿದ್ರೆ ನಿಮ್ಮ ಹುಡ್ಗ ಎಳೀತಾ ಎಳೀತಾನೇ ನೆಲಕ್ಕೆ ಬೀಳ್ತಿದ್ದ."

ನಾನು ಶಪಿಸಿದ ಕತ್ತರಿಯಲ್ಲೇ ಬೇಲೂರಿನ ಸ್ವಾಮಿ ಬಂದಿದ್ದ.

ಮೂರನೆಯ ದಿನ ಚಂದ್ರು ಇಷ್ಟು ಹೇಳಿದ: "ನೀನು ಹಾರು, ಗ್ಲೈಡರ್ ನಾನು ಇಳಿಸ್ತೀನಿ ಅಂದ್ರು ಮೇಷ್ಟ್ರು, ಅಪ್ಪಾ. ಇಳಿಸೋಕಾಗಲ್ಲ ಅಂತ ಇಬ್ರಿಗೂ ಗೊತ್ತಿತ್ತು."

ಬಂಧುಗಳೇ, ದೇವರ ದಾರವನ್ನು ಮಕ್ಕಳ ಕೈಗೆ ಕಟ್ಟಿ. ಸಾಮಾನಿಗೆ ಕಟ್ಟುವ ಮುಂಚೆ ಅದರ ಕೆಲಸ ಬಲ್ಲವರನ್ನು ಕೇಳಿ. ಒಂದೇ ಸುತ್ತು ಎಂಬ ಮಾತಿಗೆ ಮಾತ್ರ ಯಾರೂ ಒಪ್ಪಬೇಡಿ.

ಮಗ ಊರುಗೋಲು ಬಿಟ್ಟ ಮೇಲೆ ಬೇಲೂರಿಗೆ ಕರೆದೊಯ್ದು ಅರ್ಚನೆ ಮಾಡಿಸಿದೆ. ಆಮೇಲೆ ಮೇಷ್ಟ್ರ ನಾಲ್ಕು ವರ್ಷದ ಮಗಳ ಹೆಸರು ಹೇಳಿದೆ. ಗೋತ್ರ ಯಾವುದೆಂದು ಅರ್ಚಕರು ಕೇಳಿದರು. ನನಗೆ ಗೊತ್ತಿರಲಿಲ್ಲ. ಚಂದ್ರು ತಲೆ ತಗ್ಗಿಸಿಕೊಂಡು ನಿಂತಿದ್ದ.

"ನಮ್ಮನೇದೇ ಹೇಳಿ ಸ್ವಾಮಿ" ಎಂದೆ. ಈಗಲೂ ತಿಂಗಳಿಗೊಮ್ಮೆ ಹಾಗೆಯೇ ಹೇಳಿಸುತ್ತಿದ್ದೇನೆ.