ನಿದ್ದೆ ಕೋಣೆಯಲ್ಲಿ ರತ್ನಮ್ಮನ ಹತ್ತು ನಿಮಿಷ

ಈಚೆಗೆ ಒಂದು ಆಫೀಸಿಗೆ ಹೋಗಿ ಮಲಗಿದೆ.

ತಪ್ಪು ತಿಳಿಯಬೇಡಿ. ಅವತ್ತು ಮಲಗುವುದೇ ನನ್ನ ಕೆಲಸವಾಗಿತ್ತು.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ: ನಾನು ಫ್ರೀಲಾನ್ಸ್ ಪತ್ರಕರ್ತೆ. ಬೇರೆಯವರ ಆಫೀಸುಗಳ ಬಗ್ಗೆ ಬರೆಯುತ್ತೇನೆ. ಕುರ್ಚಿ ಎಷ್ಟು ಎತ್ತರ ಇರಬೇಕು, ಗೋಡೆಗೆ ಯಾವ ಬಣ್ಣ ಹೊಡೆದರೆ ಜನ ಕಡಿಮೆ ಜಗಳವಾಡುತ್ತಾರೆ, ಬಾಸ್‌ಗೆ ಬೇರೆ ಕ್ಯಾಬಿನ್ ಬೇಕೇ ಬೇಡವೇ, ಇಂಥವು. ನನಗೆ ಮಾತ್ರ ಆಫೀಸಿಲ್ಲ. ದೊಡ್ಡಬಳ್ಳಾಪುರದ ಬಾಡಿಗೆ ಮನೆಯಲ್ಲಿ ಊಟದ ಮೇಜೇ ನನ್ನ ಆಫೀಸು. (ಮಧ್ಯಾಹ್ನ ಲ್ಯಾಪ್‌ಟಾಪ್ ಎತ್ತಿಟ್ಟು ತಟ್ಟೆ ಇಡಬೇಕು. ಅದೇ ನಮ್ಮ ಲಂಚ್ ಬ್ರೇಕ್.)

ಪತ್ರಿಕೆಯೊಂದು ಕೊಟ್ಟ ಕೆಲಸ ಹೀಗಿತ್ತು: ದೇವನಹಳ್ಳಿ ಕಡೆ ಹೊಸದಾಗಿ ತೆರೆದ ಕಂಪನಿಯಲ್ಲಿ ನೌಕರರಿಗೆಂದು ನಿದ್ದೆ ಕೋಣೆ ಮಾಡಿದ್ದಾರೆ. ಹೋಗಿ, ಮಲಗಿ, ಬರೆಯಿರಿ.

ಇಂಥ ಅಸೈನ್‌ಮೆಂಟ್ ಯಾರಿಗೆ ಬೇಡ?

ಫೆಸಿಲಿಟಿ ಮ್ಯಾನೇಜರ್ ಕಿರಣ್ ಬಾಗಿಲಲ್ಲೇ ಕಾಯುತ್ತಿದ್ದರು. ಆಫೀಸಿನ ದೀಪ, ನೀರು, ಏಸಿ, ಕಸ ಎಲ್ಲ ಅವರ ಜವಾಬ್ದಾರಿ. ನಾಲ್ಕನೇ ಮಹಡಿಗೆ ಕರೆದುಕೊಂಡು ಹೋಗಿ, ಒಂದು ದಪ್ಪ ಬಾಗಿಲಿಗೆ ಕಾರ್ಡ್ ತೋರಿಸಿದರು. ಬಾಗಿಲು ತೆರೆಯಿತು. ನಮ್ಮ ಹಿಂದೆ ಮುಚ್ಚಿಕೊಂಡಿತು. ಅಷ್ಟೇ, ಹೊರಗಿನ ಕೀಬೋರ್ಡುಗಳ ಟಕಟಕ ಒಮ್ಮೆಗೇ ನಿಂತುಹೋಯಿತು.

ಒಳಗೆ ಮುಸ್ಸಂಜೆ. ಮಧ್ಯಾಹ್ನ ಎರಡು ಗಂಟೆಗೆ ಮುಸ್ಸಂಜೆ! ಗೋಡೆಗಳಿಗೆ ಮೋಡದ ಬಣ್ಣ. ಮೂಲೆಗಳೇ ಇಲ್ಲ, ಎಲ್ಲವೂ ದುಂಡಗೆ. ಎಲ್ಲೋ ಅಡಗಿಸಿಟ್ಟ ಸ್ಪೀಕರಿನಿಂದ ಸಣ್ಣಗೆ ಮಳೆಯ ಸದ್ದು. ಗಡಿಯಾರವಿಲ್ಲ. ಆಗಾಗ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಕಿವಿಗೆ ಬೀಳುತ್ತಿರಲಿಲ್ಲ, ಎದೆಯೊಳಗೆ ಸ್ವಲ್ಪ ನಡುಗಿ ಹೋಗುತ್ತಿತ್ತು. ನೀರಿನಡಿ ಕೂತು ಮೇಲೆ ದೋಣಿ ಹಾದುಹೋಗುವುದನ್ನು ಗಮನಿಸಿದ ಹಾಗೆ.

ಸಾಲಾಗಿ ಆರು ಹಾಸಿಗೆ. ಆರೂ ಖಾಲಿ.

"ಎಷ್ಟು ಜನ ಬರ್ತಾರೆ?" ಎಂದು ಕೇಳಿದೆ.

"ಸೂಪರ್ ರೆಸ್ಪಾನ್ಸ್ ಮೇಡಮ್" ಎಂದರು ಕಿರಣ್. ಅರ್ಧ ಗಂಟೆ ಆರಾಮಾಗಿ ಮಲಗಿ ನೋಡಿ ಎಂದು ಹೇಳಿ ಹೊರಟುಹೋದರು.

ಮಲಗಿದೆ. ಹಾಸಿಗೆ ನನ್ನನ್ನು ಬೆಣ್ಣೆಯ ಹಾಗೆ ಒಳಗೆಳೆದುಕೊಂಡಿತು. ಕಣ್ಣು ಮುಚ್ಚಿದೆ. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ತಲೆಯಲ್ಲಿ ಒಂದೇ ಯೋಚನೆ. ಕಾರ್ಡ್ ತೋರಿಸಿಯೇ ಒಳಗೆ ಬರಬೇಕು ಎಂದರೆ, ಯಾರು ಯಾವಾಗ ಬಂದರು, ಎಷ್ಟು ಹೊತ್ತು ಮಲಗಿದರು ಎಂಬುದು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ದಾಖಲಾಗುತ್ತಿದೆ. ನಿಮ್ಮ ನಿದ್ದೆಯನ್ನು ಯಾರೋ ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದರೆ ನಿಮಗೆ ನಿದ್ದೆ ಬರುತ್ತದೆಯೇ?

ಆಗ ಬಾಗಿಲು ತೆರೆಯಿತು. ಹೌಸ್‌ಕೀಪಿಂಗ್ ಹೆಂಗಸು. ಐವತ್ತರ ಆಸುಪಾಸು, ನೀಲಿ ಕೋಟು, ಕೈಯಲ್ಲಿ ಮಡಿಚಿದ ದಿಂಬಿನ ಕವರುಗಳು. ಅವರನ್ನು ಇಲ್ಲಿ ರತ್ನಮ್ಮ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ.

"ನಿದ್ದೆ ಬರ್ಲಿಲ್ವಾ ಮೇಡಮ್?"

"ಇಲ್ಲ."

"ಇಲ್ಲಿ ಯಾರ್ಗೂ ಬರಲ್ಲ ಬಿಡಿ. ಬರ್ತಾರೆ, ಫೋಟೋ ತಕ್ಕೋತಾರೆ, ಹೋಗ್ತಾರೆ. ದಿನಾ ಆರು ಕವರ್ ಬದಲಾಯಿಸ್ತೀನಿ. ಒಂದ್ರಲ್ಲೂ ಸುಕ್ಕು ಬಿದ್ದಿರಲ್ಲ."

"ನೀವು ಯಾವತ್ತೂ ಮಲಗಿಲ್ವಾ?"

ಬಾಗಿಲ ಕಡೆ ನೋಡಿದರು. ಆಮೇಲೆ ಹುಡುಗಿಯ ಹಾಗೆ ನಕ್ಕರು. "ಒಂದೇ ಒಂದ್ಸಲ. ಹತ್ತೇ ನಿಮಿಷ."

ಅವತ್ತು ಇಡೀ ಮಹಡಿಯವರು ಏನೋ ಮೀಟಿಂಗಿಗೆ ಹೋಗಿದ್ದರಂತೆ. ರತ್ನಮ್ಮನ ಮಂಡಿ ನೋಯುತ್ತಿತ್ತು. ನಸುಕಿಗೇ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ಅಡಿಗೆ ಮಾಡಿಟ್ಟು ವ್ಯಾನು ಹತ್ತಿದ ಮೈ. ಹಾಸಿಗೆಯ ಅಂಚಿಗೆ ಸುಮ್ಮನೆ ಕೂತರು. "ಕೂತಿದ್ದೊಂದೇ ಗೊತ್ತು ಮೇಡಮ್." ಆ ಹತ್ತು ನಿಮಿಷದಲ್ಲಿ ಅವರಿಗೆ ಒಂದು ಕನಸು ಬಿತ್ತು.

ಆ ಕನಸನ್ನು ಅವರು ನನಗೆ ಹೇಳಿದರು. ಆರು ಹಾಸಿಗೆ ಇದ್ದರೂ ನೆಲದ ಮೇಲೆ ಕೂತು, ದಿಂಬಿನ ಕವರುಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಸುಳ್ಳು ಮಳೆಯ ನಡುವೆ, ಮೆಲ್ಲಗೆ ಹೇಳಿದರು. ಆ ಕೋಣೆಯಲ್ಲಿ ಆಗ ಹೊತ್ತು ನಿಂತಿತ್ತು ಎಂದರೂ ನಾನು ನಂಬುತ್ತೇನೆ. ಅಂಥ ಕನಸು.

ಅದೇನೆಂದು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ತಿಳಿಯುತ್ತದೆ.

ಆದರೆ ಪತ್ರಿಕೆಗೆ ಬರೆದೆ. ಲೇಖನದ ಕೊನೆಯ ಪ್ಯಾರಾ ಪೂರ್ತಿ ಅದೇ. ನಿದ್ದೆ ಕೋಣೆಯಲ್ಲಿ ನಿಜಕ್ಕೂ ನಿದ್ದೆ ಮಾಡಿದವರು ಅದನ್ನು ಗುಡಿಸುವ ಹೆಂಗಸು ಒಬ್ಬರೇ, ಆಕೆ ಕಂಡ ಕನಸು ಇದು ಎಂದು. ಹೆಸರು ಹಾಕಲಿಲ್ಲ, ಊರು ಹಾಕಲಿಲ್ಲ. ಅಷ್ಟು ಎಚ್ಚರ ಸಾಕು ಎಂದುಕೊಂಡೆ. ಸಂಪಾದಕರು ಖುಷಿಯಾದರು. ಜನ ಆ ಪ್ಯಾರಾವನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿದರು. ನನ್ನ ಬರಹವೇ ತಿರುಗಿ ನನಗೆ ನಾಲ್ಕು ಗ್ರೂಪುಗಳಿಂದ ಬಂತು. ನಾನು ಊಟದ ಮೇಜಿನ ಮುಂದೆ ಕೂತು ಮುಗುಳ್ನಗುತ್ತಿದ್ದೆ.

ಒಂದು ವಾರ ಕಳೆದ ಮೇಲೆ ರತ್ನಮ್ಮನಿಗೆ ಫೋನ್ ಮಾಡಿದೆ. ಲೇಖನ ಬಂದಿದೆ, ಎಲ್ಲರಿಗೂ ಇಷ್ಟವಾಗಿದೆ ಎಂದು ಹೇಳುವುದಕ್ಕೆ. ಆ ಕಡೆ ಬಸ್ಸಿನ ಗದ್ದಲ.

"ನನ್ನ ಸೋಂಪುರದ ಕಡೆ ಒಂದು ಫ್ಯಾಕ್ಟರಿಗೆ ಹಾಕವ್ರೆ" ಎಂದರು.

"ಯಾಕೆ?"

"ಯಾಕೆ ಅಂತ ನಿಮ್ಗೆ ಗೊತ್ತಿಲ್ವಾ?"

ಫೋನ್ ಕಟ್ಟಾಯಿತು.

ಮಾರನೆಯ ದಿನವೇ ದೇವನಹಳ್ಳಿಗೆ ಓಡಿದೆ. ಕಿರಣ್ ಕಾಫಿ ತರಿಸಿದರು. "ನಾವು ಯಾರನ್ನೂ ಕೆಲಸದಿಂದ ತೆಗೆದಿಲ್ಲ ಮೇಡಮ್. ಸೈಟ್ ಚೇಂಜ್ ಅಷ್ಟೇ."

"ಹತ್ತು ನಿಮಿಷ ಮಲಗಿದ್ದಕ್ಕಾ?"

"ಆ ರೂಮ್ ಎಂಪ್ಲಾಯೀಸ್‌ಗೆ. ಅವರು ನಮ್ಮ ಎಂಪ್ಲಾಯೀ ಅಲ್ಲ. ಕಂಟ್ರಾಕ್ಟರ್ ಕಡೆಯವರು."

"ದಿನಾ ಇಲ್ಲಿಗೇ ಬರ್ತಿದ್ರಲ್ಲ?"

"ಬರ್ತಿದ್ರು."

"ಇಲ್ಲೇ ಕೆಲಸ ಮಾಡ್ತಿದ್ರಲ್ಲ?"

ಕಿರಣ್ ಕೈಯಲ್ಲಿದ್ದ ಲೋಟ ತಿರುಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ಮೇಲಿನವರು ಆರ್ಟಿಕಲ್ ಓದಿ, ಯಾರದು ಅಂತ ಕೇಳಿದ್ರು. ಕಾರ್ಡಿನ ರೆಕಾರ್ಡ್ ತೆಗೆದು ನೋಡ್ದೆ. ನೀವು ಬಂದಿದ್ದ ದಿನ ಬಿಟ್ರೆ, ದಿನಾ ಮೂರು ನಿಮಿಷ ಇರೋರು ಇನ್ನೊಂದಿನ ಹದಿನಾಲ್ಕು ನಿಮಿಷ ಒಳಗಿದ್ರು." ಆಮೇಲೆ, ತಗ್ಗಿದ ದನಿಯಲ್ಲಿ, "ನೀವು ಬರೀದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಮೇಡಮ್" ಎಂದರು.

ಕಾಫಿ ಲೋಟ ಕೆಳಗಿಟ್ಟೆ. ರತ್ನಮ್ಮನನ್ನು ವಾಪಸ್ಸು ಕರೆಸಿ, ತಪ್ಪು ನನ್ನದು ಎಂದು ಕೇಳಿಕೊಂಡೆ. ಪ್ರಯತ್ನ ಮಾಡುತ್ತೇನೆ ಎಂದರು. ಹೊರಡುವಾಗ ಕೇಳಿದೆ, "ನೀವು ಒಂದ್ಸಲನಾದ್ರೂ ಅಲ್ಲಿ ಮಲಗಿದ್ದೀರಾ?"

"ನಾನಾ?" ಎಂದರು ಕಿರಣ್. ನನ್ನ ಪ್ರಶ್ನೆ ಬೇರೆ ಯಾವುದೋ ಭಾಷೆಯಲ್ಲಿತ್ತು ಎನ್ನುವಂತೆ ನೋಡಿದರು.

ಭಾನುವಾರ ಬಸ್ಸು ಹತ್ತಿದೆ. ಮಧುರೆ ಹೋಬಳಿಯ ಒಂದು ಹಳ್ಳಿ. ರತ್ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಎದ್ದೇಳಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ನಾನೂ ಎದುರಿಗೆ ಕೂತು ಕಾಯಿಗೆ ಕೈ ಹಾಕಿದೆ. ಸೊಗಡಿನ ವಾಸನೆ ಬೆರಳಿಗೆ ಅಂಟಿತು.

"ತಪ್ಪಾಯ್ತು ರತ್ನಕ್ಕ. ನಿಮ್ಮ ಹೆಸರು ಎಲ್ಲೂ ಹಾಕಿರ್ಲಿಲ್ಲ..."

"ಹೆಸ್ರು ಬಿಡಿ. ಈಗ ಕೆಲ್ಸಕ್ಕೆ ಎರಡು ಬಸ್ ಹತ್ತೋದೂ ಬಿಡಿ. ಕನಸು ನಂದಲ್ವಾ?"

ಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತಿತು.

"ನಮ್ಮನೆಯೋರ್ಗೇ ಹೇಳಿರ್ಲಿಲ್ಲ ಅದ್ನ. ನಿಮ್ಗೆ ಹೇಳ್ದೆ. ಯಾಕ್ ಹೇಳ್ದೆ ಅಂತ ನಂಗೂ ತಿಳೀದು. ನೀವು ಊರ್ಗೆಲ್ಲ ಹಂಚ್ಬಿಟ್ರಿ. ಮೊನ್ನೆ ಡೈರಿ ತಾವ ಹಾಲು ಹಾಕೋಕ್ ನಿಂತಿದ್ದೆ. ಮುಂದಿದ್ದೋರು ಫೋನಲ್ಲಿ ಓದಿ ಓದಿ ಹೇಳ್ತಾ ಅವ್ರೆ. ಅದು ನಂದು ಅಂತ ಅವ್ರಿಗೇನು ಗೊತ್ತು? ನಕ್ರು. ನಾನೂ ನಗಬೇಕಾಯ್ತು."

ನಾನು ತಲೆ ಎತ್ತಲಿಲ್ಲ. ಇಷ್ಟು ವರ್ಷ ಎಷ್ಟೋ ಜನರ ಮಾತು ಕೇಳಿಸಿಕೊಂಡು ಬರೆದಿದ್ದೇನೆ. ಕೆಲವರು ಹೆಸರು ಬೇಡ ಎಂದಿದ್ದಾರೆ, ಕೆಲವರು ಫೋಟೋ ಬೇಡ ಎಂದಿದ್ದಾರೆ. ಕೊಟ್ಟದ್ದು ಯಾವುದು, ಬರೀ ತೋರಿಸಿದ್ದು ಯಾವುದು ಎಂದು ನಾನಾಗಿಯೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಲ್ಲಿಂದಲೇ ಸಂಪಾದಕರಿಗೆ ಫೋನ್ ಮಾಡಿ, ವೆಬ್‌ಸೈಟಿನಿಂದ ಆ ಪ್ಯಾರಾ ತೆಗೆಯಿರಿ ಎಂದೆ. ಗೊಣಗಿದರು, ತೆಗೆದರು. (ಜನರ ಮೊಬೈಲುಗಳಿಂದ ಯಾರು ತೆಗೆಯುತ್ತಾರೆ?) ರತ್ನಮ್ಮ ಎಲ್ಲ ಕೇಳಿಸಿಕೊಂಡರು. ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದಲೇ ಕೇಳಿದರು, "ಮುದ್ದೆ ಉಣ್ತೀರೇನು?"

ಉಂಡೆ. ಅವರೆಕಾಳಿನ ಹುಳಿ, ರಾಗಿ ಮುದ್ದೆ. ಎರಡನೇ ಮುದ್ದೆಗೆ ಬೇಡ ಎನ್ನುವಷ್ಟರಲ್ಲಿ ತಟ್ಟೆಗೆ ಬಿದ್ದಿತ್ತು. ಕೈ ತೊಳೆದು ಬಂದಾಗ ನನ್ನ ಕಣ್ಣುಗಳು ನನ್ನ ಮಾತು ಕೇಳುತ್ತಿರಲಿಲ್ಲ.

"ಮಲ್ಕೋ ಹೋಗು ಒಂದ್ಗಳಿಗೆ" ಎಂದರು ರತ್ನಮ್ಮ. 'ನೀವು' ಯಾವಾಗ 'ನೀನು' ಆಯಿತೋ ಗಮನಿಸಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿದರು. ನೆಲ ತಣ್ಣಗಿತ್ತು. ಹಿತ್ತಲಲ್ಲಿ ಹಸು ಬಾಲ ಬಡಿಯುವ ಸದ್ದು. ಹೆಂಚಿನ ಸಂದಿಯಿಂದ ಒಂದು ಬಿಸಿಲ ಕೋಲು ಇಳಿದು, ಅದರಲ್ಲಿ ಧೂಳು ನಿಧಾನವಾಗಿ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡುತ್ತಾ ಇದ್ದೆ. ಆಮೇಲೆ ನೋಡುತ್ತಿರಲಿಲ್ಲ.

ನನಗೂ ಒಂದು ಕನಸು ಬಿತ್ತು. ಇದು ನನ್ನದು, ಬರೆಯಬಹುದು. ಒಂದು ದೊಡ್ಡ ಕೆರೆ. ಮೊಣಕಾಲುದ್ದ ನೀರು. ನೀರಿನೊಳಗೆ ಸಾಲು ಸಾಲು ಮೇಜುಗಳು. ಪ್ಯಾಂಟು ಮಡಿಚಿಕೊಂಡವರು, ಸೀರೆ ಎತ್ತಿಕಟ್ಟಿದವರು ಕೂತು ಕೆಲಸ ಮಾಡುತ್ತಿದ್ದಾರೆ. ಕಾಗದಗಳು ಬಾತುಕೋಳಿಯ ಹಾಗೆ ತೇಲಿ ಹೋಗುತ್ತಿವೆ. ಯಾರೂ ಹಿಡಿಯುವುದಿಲ್ಲ. ನಾನು ಪೆನ್ನಿಗಾಗಿ ಬ್ಯಾಗಿಗೆ ಕೈ ಹಾಕಿದರೆ ಬರೀ ಅವರೆಕಾಳು. ಮುಖ ಕಾಣದ ಯಾರೋ ಬಂದು, "ಇವತ್ತು ಬರೆಯೋಕೆ ಏನೂ ಇಲ್ಲ, ಮನೆಗೆ ಹೋಗಿ" ಎನ್ನುತ್ತಾರೆ. ಸಾಮಾನ್ಯವಾಗಿ ಇಂಥ ಮಾತು ಕೇಳಿದರೆ ಫ್ರೀಲಾನ್ಸರ್ ಎದೆ ಒಡೆಯಬೇಕು. ನನಗೆ ಹಗುರವಾಯಿತು. ನೀರಿನಲ್ಲಿ ಕಾಲಾಡಿಸುತ್ತಾ ಅಲ್ಲೇ ಕೂತೆ.

ಎಚ್ಚರವಾದಾಗ ಬಿಸಿಲ ಕೋಲು ಗೋಡೆ ಹತ್ತಿತ್ತು. ರತ್ನಮ್ಮ ಪಕ್ಕದಲ್ಲಿ ಕೂತಿದ್ದರು. "ನಿದ್ದೇಲಿ ನಗ್ತಿದ್ದೆ ಕಣಮ್ಮ."

ಕನಸು ಹೇಳಿದೆ. ಪೂರ್ತಿ ಕೇಳಿದರು. ಅವರೆಕಾಳಿನ ಹತ್ತಿರ ಬಂದಾಗ ಬಾಯಿಗೆ ಸೆರಗು ಹಿಡಿದು ನಕ್ಕರು. ಇವತ್ತಿನ ಈ ಕಥೆಯನ್ನು ನನ್ನ ಅಂಕಣಕ್ಕೆ ಬರೆಯಲೇ ಎಂದು ಈ ಸಲ ಕೇಳಿದೆ. ಬಹಳ ಹೊತ್ತು ಯೋಚಿಸಿದರು.

"ಬರ್ಕೋ. ನಿನ್ನ ಕನಸು ಹಾಕ್ಕೋ. ನಂದು ಬ್ಯಾಡ."

ಆಯಿತು ಎಂದೆ.

ಹತ್ತು ದಿನದ ನಂತರ ಕಿರಣ್ ಫೋನ್. ಮೇಲಿನವರ ಹತ್ತಿರ ಮಾತಾಡಿದ್ದೇನೆ, ರತ್ನಮ್ಮ ಸೋಮವಾರದಿಂದ ವಾಪಸ್ಸು ಬರಬಹುದು ಎಂದರು. ದನಿಯಲ್ಲಿ ನಿಜವಾದ ಸಂತೋಷವಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕೂಡಲೇ ರತ್ನಮ್ಮನಿಗೆ ಹೇಳಿದೆ.

"ನಾನು ಬರಲ್ಲ ಕಣಮ್ಮ."

"ಯಾಕಕ್ಕ? ಸೋಂಪುರ ಅಷ್ಟು ದೂರ..."

"ದೂರಾನೇ. ಮನೆ ಸೇರೋ ಹೊತ್ಗೆ ಸೊಂಟ ಬಿದ್ದೋಗಿರ್ತದೆ. ಆದ್ರೆ ಇಲ್ಲಿ ಶೆಡ್ಡಿನ ಹಿಂದೆ ಒಂದು ಹೊಂಗೆ ಮರ ಐತೆ. ಉಂಡ್ಮೇಲೆ ಹೆಣ್ಮಕ್ಳೆಲ್ಲ ಗೋಣಿಚೀಲ ಹಾಸ್ಕೊಂಡು ಮಲ್ಕೋತೀವಿ. ಸೂಪರ್‌ವೈಸರೂ ಆ ಕಡೆ ಮುಖದ ಮ್ಯಾಲೆ ಟವಲ್ ಹಾಕ್ಕೊಂಡು ಮಲ್ಕೋತಾರೆ. ಯಾರೂ ಯಾರ್ನೂ ನೋಡಲ್ಲ."

ನನಗೆ ಕಂಡೇಬಿಟ್ಟಿತು. ಹೊಂಗೆಯ ದಟ್ಟ ನೆರಳು, ಮಧ್ಯಾಹ್ನದ ಗಾಳಿ, ಹೆಂಗಸರ ಸಾಲು, ಪಕ್ಕದಲ್ಲಿ ಬಿಟ್ಟ ಚಪ್ಪಲಿಗಳು. ಡಿಸೈನರುಗಳು ತಿಂಗಳುಗಟ್ಟಲೆ ಕೂತು ಮಾಡಲಾಗದ ಕೋಣೆ! ಕೈ ತಾನಾಗಿಯೇ ಪೆನ್ನು ಹುಡುಕಿತು. (ಅಭ್ಯಾಸ ನೋಡಿ.)

"ಅದು ಯಾವ ಫ್ಯಾಕ್ಟರಿ ರತ್ನಕ್ಕ?"

"ಹೇಳಲ್ಲ. ಹೇಳಿದ್ರೆ ಬಂದು ನೋಡ್ತೀಯ, ನೋಡಿದ್ರೆ ಬರೀತೀಯ. ನೀನು ಬರೆದ್ರೆ ಯಾರೋ ಬಂದು ಆ ಮರಕ್ಕೂ ಬಾಗ್ಲು ಇಡ್ತಾರೆ."

ಪೆನ್ನು ಕೆಳಗಿಟ್ಟೆ. ಸೋಂಪುರದಲ್ಲಿ ಬೇಕಾದಷ್ಟು ಫ್ಯಾಕ್ಟರಿಗಳಿವೆ, ಹೊಂಗೆ ಮರಗಳೂ ಇವೆ. ಹುಡುಕುತ್ತಾ ಹೋಗಬೇಡಿ, ನಾನೂ ಹೋಗಿಲ್ಲ.

ಆದರೆ ನಾಳೆ ನಿಮ್ಮ ಆಫೀಸಿನಲ್ಲೇ ಯಾರೋ ಒಬ್ಬರು ಹತ್ತು ನಿಮಿಷ ಕಣ್ಣು ಮುಚ್ಚಿದ್ದು ಕಣ್ಣಿಗೆ ಬಿದ್ದರೆ, ಕಂಡೂ ಸುಮ್ಮನಿರಲು ನಿಮಗೆ ಬರುತ್ತದೆಯೇ?